‘ಮಗು ನೀರೇ ಕುಡಿಯಲ್ಲ ಮೇಡಂ’

ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಮೊದಲ ಆರು ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದೆ. ಈಗ ವಾರಕ್ಕೆ ನಾಲ್ಕು ದಿನ ಶಾಲೆ, ಎರಡು ದಿನ ಕ್ಲಿನಿಕ್. ನಮ್ಮ ಕೆಲಸದ ಹೆಸರೇ ತುಂಬಾ ಜನರಿಗೆ ಗೊತ್ತಿಲ್ಲ. ಚೀಟಿಯಲ್ಲಿ ಡಾಕ್ಟರು ‘ಓಟಿ’ ಅಂತ ಬರೆದರೆ ಆಪರೇಷನ್ ಥಿಯೇಟರ್ ಅಂದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಬಂದ ತಾಯಂದಿರನ್ನು ನೋಡಿದ್ದೇನೆ. ಅವರನ್ನು ಕೂರಿಸಿ ಮೊದಲು ಹೇಳುವುದು ಇಷ್ಟೇ: ಊಟ, ಬಟ್ಟೆ, ಬರವಣಿಗೆ, ಆಟ ಇವನ್ನೆಲ್ಲ ಮಗು ತಾನೇ ಮಾಡಿಕೊಳ್ಳುವ ಹಾಗೆ ಮಾಡುವುದು ನಮ್ಮ ಕೆಲಸ.

ಆಸ್ಪತ್ರೆಗೆ ಎರಡನೇ ಕ್ಲಾಸಿನ ಒಬ್ಬ ಹುಡುಗ ಬರುತ್ತಿದ್ದ. ಬರವಣಿಗೆ ನಿಧಾನ, ಅಕ್ಷರ ಸೊಟ್ಟ, ಮಧ್ಯಾಹ್ನದ ಮೇಲೆ ಕ್ಲಾಸಿನಲ್ಲಿ ಕೂತಲ್ಲಿ ಕೂರಲ್ಲ ಅಂತ ದೂರು. ಅವನಿಗೆ ಇದ್ದದ್ದು ಡಿಸ್‌ಪ್ರಾಕ್ಸಿಯಾ. ಬುದ್ಧಿ ಚುರುಕು, ಆದರೆ ಕೈಕಾಲಿನ ಚಲನೆಗಳನ್ನು ಜೋಡಿಸಿಕೊಳ್ಳುವುದು ಕಷ್ಟ. 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ ಐದಾರು ಮಂದಿಗೆ ಈ ತೊಂದರೆ ಇರುತ್ತದೆ. ಅಂದರೆ 40 ಮಕ್ಕಳ ಕ್ಲಾಸಿನಲ್ಲಿ ಇಂಥ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ವಾರಕ್ಕೊಂದು ಸಲ 45 ನಿಮಿಷ. ಹಿಡಿತದ ಬಲ ನೋಡಿದೆ, ಪೆನ್ಸಿಲ್ ಹಿಡಿಯುವುದನ್ನು ತಿದ್ದಿದೆ. ಮನೆಯಲ್ಲಿ ಬೆರಳಿಗೆ ಕಸರತ್ತು ಬೇಕಿತ್ತು. ಅದಕ್ಕೆ ಅಂತ ದುಡ್ಡು ಕೊಟ್ಟು ಥೆರಪಿ ಪುಟ್ಟಿ (ಹಿಸುಕಿ ಆಡುವ ಮೆತ್ತನೆ ಮುದ್ದೆ) ತರಿಸಬೇಕಾಗಿಲ್ಲ. ಅದು ಅವರೆಕಾಯಿ ಕಾಲ, ಸಜ್ಜನ್ ರಾವ್ ಸರ್ಕಲ್ ಕಡೆ ಅವರೆಬೇಳೆ ಮೇಳ ನಡೆಯುತ್ತಿದ್ದ ದಿನಗಳು. ನೆನೆಸಿದ ಕಾಳು ಹಿತುಕೋಕೆ ಅವನನ್ನೂ ಕೂರಿಸಿಕೊಳ್ಳಿ ಅಂದೆ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಒತ್ತಿದರೆ ಬೇಳೆ ಚಿಮ್ಮಿ ಆಚೆ ಬರುತ್ತಲ್ಲ, ಪೆನ್ಸಿಲ್‌ಗೆ ಬೇಕಾದ್ದೂ ಅದೇ ಬೆರಳುಗಳ ಬಲ. ಬೇಳೆ ಹೋಗಿ ಅಜ್ಜಿಯ ಕನ್ನಡಕಕ್ಕೆ ಬಿತ್ತು ಅಂತ ಮುಂದಿನ ವಾರ ಬಂದು ಖುಷಿಯಿಂದ ಹೇಳಿದ.

ಏಳು ತಿಂಗಳಲ್ಲಿ ನನ್ನ ರೂಮಿನಲ್ಲಿ ಅವನ ಅಕ್ಷರ ಚೆನ್ನಾಗಿಯೇ ಆಯಿತು. ಶಾಲೆಯಿಂದ ಮಾತ್ರ ಅದೇ ದೂರು. ಒಂದು ದಿನ ಅವನ ತಾಯಿ, ‘ಮೇಡಂ, ಒಂದೇ ಒಂದ್ಸಲ ಸ್ಕೂಲಿಗೆ ಬಂದು ನೋಡ್ತೀರಾ?’ ಅಂದರು. ರಜೆ ಹಾಕಿ ಹೋದೆ.

ಹೋದ ಹತ್ತು ನಿಮಿಷಕ್ಕೇ ಎರಡು ವಿಷಯ ಕಣ್ಣಿಗೆ ಬಿದ್ದವು. ಬೆಂಚು ಎತ್ತರ, ಅವನ ಕಾಲು ನೆಲಕ್ಕೆ ಮುಟ್ಟುತ್ತಲೇ ಇರಲಿಲ್ಲ. ಕಾಲು ಊರದಿದ್ದರೆ ಸೊಂಟ ನಿಲ್ಲಲ್ಲ, ಸೊಂಟ ನಿಲ್ಲದಿದ್ದರೆ ಕೈಗೆ ಆಸರೆ ಇಲ್ಲ. ನನ್ನ ರೂಮಿನಲ್ಲಿ ಅವನ ಅಳತೆಯ ಕುರ್ಚಿ ಇತ್ತು! ಎರಡನೆಯದು, ಅವನು ಬೋರ್ಡ್ ನೋಡಿ ಬರೆಯುತ್ತಿದ್ದದ್ದು ಕನ್ನಡ. ನಾನು ಅಷ್ಟು ತಿಂಗಳು ಕೊಟ್ಟಿದ್ದು ನಾಲ್ಕು ಗೆರೆಯ ಇಂಗ್ಲಿಷ್ ಪುಸ್ತಕ. ಇಂಗ್ಲಿಷಿನಲ್ಲಿ ಅಕ್ಷರದ ಪಕ್ಕ ಅಕ್ಷರ ಬಂದರೆ ಆಯಿತು. ನಮ್ಮಲ್ಲಿ ಹಾಗಲ್ಲ. ತಲೆಕಟ್ಟು ಮೇಲೆ, ದೀರ್ಘ ಪಕ್ಕದಲ್ಲಿ, ಒತ್ತು ಕೆಳಗೆ. ಅವನು ಬರೆದ ‘ಲಕ್ಷ್ಮಿ’ಯ ಒತ್ತುಗಳು ಕೆಳಗಿನ ಸಾಲಿಗೆ ಇಳಿದು ಅಲ್ಲಿನ ಅಕ್ಷರಗಳ ಮೇಲೆ ಕೂತಿದ್ದವು. ಟೀಚರ್ ಅದಕ್ಕೆಲ್ಲ ಕೆಂಪು ಸುತ್ತು ಹಾಕಿದ್ದರು. ಒಂದು ಗೆರೆ ಬಿಟ್ಟು ಬರೆಯಲಿ ಅಂತ ಕೇಳಿಕೊಂಡೆ, ತಕ್ಷಣ ಒಪ್ಪಿದರು. ಹಳೇ ಪೇಪರ್ ಕಟ್ಟಿಗೆ ಟೇಪ್ ಸುತ್ತಿ ಕಾಲಡಿಗೆ ಇಟ್ಟೆವು.

ಇಷ್ಟು ಮಾಡಿ ಹೊರಡುತ್ತಿದ್ದವಳನ್ನು ಕಾರಿಡಾರಿನಲ್ಲಿ ಆಯಮ್ಮ ನಿಲ್ಲಿಸಿದರು. ‘ಮೇಡಂ, ಆ ಮಗು ನೀರೇ ಕುಡಿಯಲ್ಲ. ಬಾಟ್ಲಿ ತುಂಬ್ಕೊಂಡು ಬರುತ್ತೆ, ಹಂಗೇ ವಾಪಸ್ ತಗೊಂಡು ಹೋಗುತ್ತೆ. ಬಾತ್‌ರೂಮಿಗೂ ಬರಲ್ಲ.’

ಯೂನಿಫಾರಂ ಚಡ್ಡಿಗೆ ಸೊಂಟದಲ್ಲಿ ಕಬ್ಬಿಣದ ಹುಕ್ಕು ಇತ್ತು. ಅದನ್ನು ಬಿಚ್ಚಬೇಕಾದರೆ ಒಂದು ಕೈ ಬಟ್ಟೆಯನ್ನು ಒಳಕ್ಕೆ ಎಳೆದು ಹಿಡಿಯಬೇಕು, ಇನ್ನೊಂದು ಕೈ ಅದೇ ಹೊತ್ತಿಗೆ ಹುಕ್ಕನ್ನು ಪಕ್ಕಕ್ಕೆ ಜಾರಿಸಬೇಕು. ಶರ್ಟ್ ಅಡ್ಡ ಇರುವುದರಿಂದ ಕಣ್ಣಿಗೂ ಕಾಣಲ್ಲ, ಬೆರಳೇ ನೋಡಿಕೊಳ್ಳಬೇಕು. ಎರಡು ಕೈಗೆ ಎರಡು ಬೇರೆ ಕೆಲಸ, ಅದೂ ನೋಡದೆ. ಆ ಮಗುವಿಗೆ ಇದಕ್ಕಿಂತ ಕಷ್ಟದ್ದು ಬೇರೆ ಇರಲಿಲ್ಲ. ಮನೆಯಲ್ಲಿ ಎಲಾಸ್ಟಿಕ್ ಚಡ್ಡಿ. ಬೆಳಿಗ್ಗೆ ವ್ಯಾನ್ ಬರೋ ಗಡಿಬಿಡಿಯಲ್ಲಿ ಅಮ್ಮನೇ ಹುಕ್ಕು ಹಾಕುತ್ತಿದ್ದರು. ಹಾಗಾಗಿ ಅವರಿಗೂ ಗೊತ್ತಿರಲಿಲ್ಲ. ಯಾರನ್ನಾದರೂ ಬಿಚ್ಚಿಕೊಡಿ ಅಂತ ಕೇಳೋಕೆ ಅವನಿಗೆ ನಾಚಿಕೆ. ಅದಕ್ಕೇ ನೀರು ಬಿಟ್ಟುಬಿಟ್ಟಿದ್ದ. ಏಳು ವರ್ಷದ ಮಗು ಬೆಳಿಗ್ಗೆಯಿಂದ ಬಾಯಾರಿಕೆ ತಡೆದುಕೊಂಡು, ಮೂತ್ರ ಕಟ್ಟಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ಕೂತಲ್ಲಿ ಹೇಗೆ ಕೂತೀತು?

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಅಳು ಬಂತು. ಏಳು ತಿಂಗಳಲ್ಲಿ ಒಂದು ಸಲವೂ ನಾನು ಅವನನ್ನು ‘ಸ್ಕೂಲಲ್ಲಿ ಸುಸ್ಸು ಮಾಡ್ತೀಯಾ ಪುಟ್ಟಾ?’ ಅಂತ ಕೇಳಿರಲಿಲ್ಲ. ಚೀಟಿಯಲ್ಲಿ ‘ಬರವಣಿಗೆ’ ಅಂತಿತ್ತು, ಬರವಣಿಗೆ ನೋಡಿದೆ.

ಟೈಲರ್ ಹುಕ್ಕು ತೆಗೆದು ಒಳಗಡೆ ವೆಲ್ಕ್ರೋ ಹೊಲಿದುಕೊಟ್ಟರು. ಹೊರಗಿಂದ ನೋಡಿದರೆ ಎಲ್ಲರ ಚಡ್ಡಿಯ ಹಾಗೆಯೇ. ಇದು ಮುಖ್ಯ, ಯಾಕೆಂದರೆ ಬೇರೆ ಥರ ಕಾಣೋದನ್ನು ಮಕ್ಕಳು ಸಹಿಸಲ್ಲ. ಜೊತೆಗೆ ಹುಕ್ಕು ಹಾಕೋದನ್ನೂ ಕಲಿಸಿದೆ. ಮೊದಲು ಮೇಜಿನ ಮೇಲೆ, ಕಣ್ಣೆದುರು. ಆಮೇಲೆ ತೊಡೆಯ ಮೇಲೆ. ಕೊನೆಗೆ ಸೊಂಟದಲ್ಲಿ. ಮೂರು ತಿಂಗಳು ಹಿಡಿಯಿತು.

ಅದಾದ ಮೇಲೆಯೇ ನಾನು ಶಾಲೆಯ ಕೆಲಸ ಹುಡುಕಿಕೊಂಡಿದ್ದು. ಆಸ್ಪತ್ರೆ ಬೇಡ ಅಂತಲ್ಲ. ಏನು ತೊಂದರೆ ಅಂತ ಪತ್ತೆ ಹಚ್ಚೋಕೆ, ಮೊದಲ ತಿಂಗಳುಗಳ ಗಟ್ಟಿ ತರಬೇತಿಗೆ ಅದೇ ಸರಿಯಾದ ಜಾಗ. ಆದರೆ ಆಸ್ಪತ್ರೆಯಲ್ಲಿ ಮಗುವಿನ ಕೈ ಏನು ಮಾಡಲಾರದು ಅಂತ ನೋಡುತ್ತೇವೆ. ಶಾಲೆಯಲ್ಲಿ ಬೆಳಿಗ್ಗೆ ಬೆಲ್‌ನಿಂದ ಸಂಜೆ ಬೆಲ್‌ವರೆಗೆ ಆ ಮಗು ಏನೇನು ಮಾಡಬೇಕು ಅಂತ ಕಾಣಿಸುತ್ತದೆ. ಎರಡೂ ಕಡೆಯವರು ಮಾತಾಡಿಕೊಳ್ಳದಿದ್ದರೆ ಪೆಟ್ಟು ಮಗುವಿಗೇ. ಅಲ್ಲೊಂದು ಥರ, ಇಲ್ಲೊಂದು ಥರ ಪೆನ್ಸಿಲ್ ಹಿಡಿಯೋದು ಕಲಿತು ಕಂಗಾಲಾದ ಮಕ್ಕಳಿದ್ದಾರೆ. ಈಗ ಕ್ಲಿನಿಕ್‌ಗೆ ಹೊಸ ಮಗು ಬಂದರೆ ಟೀಚರ್ ನಂಬರ್ ಮೊದಲ ದಿನವೇ ಕೇಳುತ್ತೇನೆ. ಟಿಫನ್ ಡಬ್ಬಿ, ಬಾಟ್ಲಿ, ಬ್ಯಾಗ್, ಶೂ ಎಲ್ಲ ತರಿಸಿ ನೋಡುತ್ತೇನೆ. ಮೂರು ಪುಟದ ರಿಪೋರ್ಟ್ ಟೀಚರ್‌ಗೆ ಕೊಡುವುದಿಲ್ಲ. ಅರ್ಧ ಪುಟ, ಕನ್ನಡದಲ್ಲಿ: ಎಲ್ಲಿ ಕೂರಿಸಬೇಕು, ಎಷ್ಟು ಬರೆಸಬೇಕು, ಯಾವಾಗ ಎಬ್ಬಿಸಿ ಓಡಾಡಿಸಬೇಕು.

ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಹುಕ್ಕು, ಬೆಲ್ಟ್, ಶೂ ಲೇಸ್ ಎಲ್ಲ ತಾನೇ ಹಾಕಿಕೊಳ್ಳುತ್ತಾನೆ. ಬರವಣಿಗೆ ಇವತ್ತಿಗೂ ನಿಧಾನವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಕೆಳಗೆ ಡಿಸ್‌ಪ್ರಾಕ್ಸಿಯಾ ಹೆಸರೂ ಇದೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಇವಕ್ಕೂ ಅದರಲ್ಲಿ ಜಾಗ ಇದೆ. ಎಸ್ಸೆಸ್ಸೆಲ್ಸಿಗೆ ಹೆಚ್ಚಿನ ಸಮಯ ಕೇಳಲು ಅವನ ತಾಯಿಯ ಜೊತೆ ಕೂತು ಕಾಗದ ಪತ್ರ ಜೋಡಿಸುತ್ತಿದ್ದೇವೆ. ಬರೆದುಕೊಡುವವರು ಬೇಡ, ನಾನೇ ಬರೀತೀನಿ, ಟೈಮ್ ಮಾತ್ರ ಜಾಸ್ತಿ ಕೊಡಿಸಿ ಅಂದಿದ್ದಾನೆ.