ಬೆಲ್ಟೋ ಚೈನೋ ಆಮೇಲೆ, ಮೊದಲು ಬಿಲ್ ನೋಡಿ

ಕಡಿಮೆ ದುಡ್ಡಿಗೆ ಹಳೇ ಕಾರು ಹುಡುಕುವವರು ಗ್ಯಾರೇಜಿಗೆ ಬಂದು ಕೇಳುವುದು ಒಂದೇ ಮಾತು, "ಇದ್ರಲ್ಲಿ ಟೈಮಿಂಗ್ ಬೆಲ್ಟಾ, ಚೈನಾ?" ಚೈನ್ ಅಂದರೆ ಮುಖ ಅರಳುತ್ತದೆ. ಬೆಲ್ಟ್ ಅಂದರೆ ಗಾಡಿ ಬೇಡವೇ ಬೇಡ. ಇಂಜಿನ್ ಬಿಚ್ಚೋದೇ ನನ್ನ ಕೆಲಸ. ನನ್ನ ಕೇಳಿದರೆ, ಸರ್ವಿಸ್ ಬಿಲ್ ಇಲ್ಲದ ಚೈನ್ ಗಾಡಿಗಿಂತ ಬಿಲ್ ಇರುವ ಬೆಲ್ಟ್ ಗಾಡಿ ಎಷ್ಟೋ ಮೇಲು.

ಎರಡರ ಕೆಲಸವೂ ಒಂದೇ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ದಂಡ ಒಂದು ಸುತ್ತು ತಿರುಗಬೇಕು, ಆ ಲೆಕ್ಕ ತಪ್ಪಬಾರದು. ಈಗಿನ ಬಹಳಷ್ಟು ಇಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗಕ್ಕೆ ಸರದಿಯಲ್ಲಿ ಬಂದು ಹೋಗುತ್ತವೆ. ಓಡುವಾಗ ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲಲ್ಲ, ತೆರೆದಿದ್ದ ವಾಲ್ವ್‌ಗೆ ಹೋಗಿ ಹೊಡೆಯುತ್ತದೆ. ವಾಲ್ವ್ ಬಾಗಿತು, ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಬೇಕು. ಅಗ್ಗದ ಕಾರಾದರೆ ಎಷ್ಟೋ ಸಲ ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ದಾಟುತ್ತದೆ.

ಬೆಲ್ಟ್ ರಬ್ಬರಿನದು. ಸಾಮಾನ್ಯವಾಗಿ 1 ಲಕ್ಷದಿಂದ 1.6 ಲಕ್ಷ ಕಿಲೋಮೀಟರ್ ಒಳಗೆ ಬದಲಿಸಲು ಹೇಳಿರುತ್ತಾರೆ, ಕೆಲವು ಇಂಜಿನ್‌ಗೆ ಇನ್ನೂ ಬೇಗ. ಜೊತೆಗೆ ವರ್ಷದ ಲೆಕ್ಕವೂ ಇರುತ್ತದೆ, ಇದನ್ನೇ ಜನ ಮರೆಯೋದು. "ಗಾಡಿ ಓಡೇ ಇಲ್ಲ, ಸುಮ್ನೆ ನಿಂತಿತ್ತು" ಅಂತ ಮಾರುವವರು ಖುಷಿಯಿಂದ ಹೇಳುತ್ತಾರೆ. ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ ಅಲ್ವಾ?

ಒಬ್ಬರು ತೋರಿಸಲು ತಂದ ಗಾಡಿಯಲ್ಲಿ ಬೆಲ್ಟ್ ನಿಜಕ್ಕೂ ಹೊಸದೇ ಇತ್ತು. ಮೇಲಿನ ಕವರ್ ತೆಗೆದು ನೋಡಿದೆ, ಹಲ್ಲುಗಳು ಚೂಪಾಗಿದ್ದವು, ಬಿರುಕು ಇಲ್ಲ. ಆದರೆ ಬಿಲ್ಲಿನಲ್ಲಿ ಬರೀ ಬೆಲ್ಟ್ ಇತ್ತು, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಇಲ್ಲ, ವಾಟರ್ ಪಂಪ್ ಇಲ್ಲ. ಆ ಇಂಜಿನ್‌ನಲ್ಲಿ ಪಂಪನ್ನು ತಿರುಗಿಸೋದೂ ಅದೇ ಬೆಲ್ಟು. ಟಾರ್ಚ್ ಹಾಕಿ ಕೆಳಗೆ ಬಗ್ಗಿ ನೋಡಿದರೆ ಪಂಪಿನ ಕೆಳಗೆ ಕೂಲಂಟ್ ಸೋರಿ ಒಣಗಿದ ಗುಲಾಬಿ ಗೆರೆ. ಪಂಪಿನ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹೋಗುತ್ತದೆ. ಆದ್ದರಿಂದ ಬಿಲ್ ಇದೆಯಾ ಅಂತ ಕೇಳಿದರೆ ಸಾಲದು, ಒಂದೊಂದು ಸಾಲೂ ಓದಬೇಕು.

ಇನ್ನು ಚೈನ್. ಕಬ್ಬಿಣದ್ದು, ಜೀವನಪೂರ್ತಿ ಬರುತ್ತದೆ ಅನ್ನೋ ನಂಬಿಕೆ. ಬರುತ್ತದೆ, ಆಯಿಲ್ ಸರಿಯಾಗಿ ಬದಲಾಗಿದ್ದರೆ. ಚೈನ್ ನಯವಾಗಿ ಓಡೋದು ಇಂಜಿನ್ ಆಯಿಲ್‌ನಲ್ಲೇ, ಎಷ್ಟೋ ಇಂಜಿನ್‌ಗಳಲ್ಲಿ ಟೆನ್ಷನರ್ ಬಿಗಿ ಹಿಡಿಯೋದೂ ಆಯಿಲ್ ಪ್ರೆಶರ್‌ನಿಂದಲೇ. ಆಯಿಲ್ ಕೊಳೆತರೆ ಕೊಂಡಿಗಳು ಸವೆದು ಚೈನ್ ಉದ್ದವಾಗುತ್ತದೆ, ಚೈನನ್ನು ದಾರಿಯಲ್ಲಿ ಹಿಡಿದಿಡುವ ಗೈಡ್ ಮುರಿಯುತ್ತದೆ, ಹಲ್ಲು ಜಾರಿದರೆ ವಾಲ್ವಿಗೆ ಅದೇ ಗತಿ. ಬದಲಿಸಲು ಲೇಬರ್ ಬೆಲ್ಟಿಗಿಂತ ಜಾಸ್ತಿ, ಕೆಲವು ಗಾಡಿಗಳಲ್ಲಂತೂ ಇಂಜಿನ್ನೇ ಇಳಿಸಬೇಕು.

ಚೈನ್ ಗಾಡಿ ನೋಡಲು ಹೋಗುವ ಮುನ್ನ ಮಾರುವವರಿಗೆ ಫೋನ್ ಮಾಡಿ, "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅನ್ನಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ. ತಣ್ಣಗಿನ ಇಂಜಿನ್‌ಗೆ ಸೆಲ್ಫ್ ಹೊಡೆದ ಮೊದಲ ಕೆಲವು ಸೆಕೆಂಡು ಮುಂಭಾಗದಿಂದ ಗರಗರ ಸದ್ದು ಬಂದು ನಿಂತರೆ ಟೆನ್ಷನರ್ ಅಥವಾ ಚೈನ್ ಮೇಲೆ ಅನುಮಾನ ಪಡಬೇಕು. ಬಿಸಿ ಇಂಜಿನ್‌ನಲ್ಲಿ ಆ ಸದ್ದು ಎಷ್ಟೋ ಸಲ ಅಡಗಿಬಿಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೂ ನೋಡಿ, ಕಪ್ಪಗೆ ಗಟ್ಟಿ ಕಿಟ್ಟ ಇದ್ದರೆ ಬೇರೆ ಗಾಡಿ ಹುಡುಕಿ.

ಮೂರನೇ ಜಾತಿ ಒಂದಿದೆ, ಆಯಿಲ್‌ನಲ್ಲೇ ಮುಳುಗಿ ಓಡುವ ಬೆಲ್ಟ್. ಫೋರ್ಡ್ 1.0 ಇಕೋಬೂಸ್ಟ್, ಪೂಜೋ 1.2 ಪ್ಯೂರ್‌ಟೆಕ್ ಇಂಜಿನ್‌ಗಳು ಇದರಿಂದಲೇ ಹೆಸರು ಕೆಡಿಸಿಕೊಂಡವು. ರಬ್ಬರ್ ಚೂರು ಉದುರಿ ಆಯಿಲ್ ಜಾಲರಿಗೆ ಕಟ್ಟಿಕೊಂಡರೆ ಇಂಜಿನ್‌ಗೆ ಆಯಿಲೇ ಸಿಗಲ್ಲ. ಪೂರ್ತಿ ದಾಖಲೆ ಇಲ್ಲದೆ ಇಂಥದ್ದನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಗೋಬೇಡಿ.

ಬೆಲ್ಟ್ ಗಾಡಿ ಇಷ್ಟವಾಗಿ ಬಿಲ್ ಮಾತ್ರ ಸಿಗದಿದ್ದರೆ, ಬೆಲ್ಟ್ ಬದಲಾಗಿಲ್ಲ ಅಂತಲೇ ಲೆಕ್ಕ ಹಾಕಿ. ಬೆಲ್ಟ್, ಟೆನ್ಷನರ್, ಪಂಪ್ ಮೂರರ ಖರ್ಚನ್ನೂ ಬೆಲೆಯಲ್ಲಿ ಇಳಿಸಲು ಕೇಳಿ, ತಂದ ವಾರದಲ್ಲೇ ಮಾಡಿಸಿ. ಬಾನೆಟ್ ಒಳಗೆ ತಾರೀಕು ಮತ್ತು ಕಿಲೋಮೀಟರ್ ಬರೆದ ಚೀಟಿ ಅಂಟಿಸಿಡಿ, ನೀವು ಮಾರುವ ದಿನ ಬಂದಾಗ ಕೊಳ್ಳುವವರಿಗೂ ಅದು ಬೇಕಾಗುತ್ತದೆ.