ಕಾಮಾಲೆ ಬಂದಾಗ ಮಲದ ಬಣ್ಣ ನೋಡಿ

ಆ ಸೋಮವಾರ ಹೊರರೋಗಿ ವಿಭಾಗಕ್ಕೆ ಬಂದ ತಾಯಿಗೆ ಐವತ್ತರ ಆಸುಪಾಸು. ಕಣ್ಣು ಅಚ್ಚ ಹಳದಿ. ಮೂರು ವಾರದಿಂದ ನಾಟಿ ಔಷಧ, ಮಜ್ಜಿಗೆ ಅನ್ನದ ಪಥ್ಯ. ಮುಂಗೈ ಮೇಲೆ ಬರೆ ಹಾಕಿಸಿದ ಗಾಯ ಇನ್ನೂ ಮಾಗಿರಲಿಲ್ಲ. ಕೈ, ಹೊಟ್ಟೆಯ ತುಂಬ ಕೆರೆದುಕೊಂಡ ಗೀರುಗಳು. ಕಾಮಾಲೆಯ ಜೊತೆ ಇಷ್ಟು ತುರಿಕೆ ಇದ್ದರೆ ಪಿತ್ತರಸ ಎಲ್ಲೋ ಕಟ್ಟಿಕೊಂಡಿದೆ ಎಂಬ ಅನುಮಾನ ಮೊದಲು ಬರಬೇಕು.

"ಅಮ್ಮಾ, ಕಕ್ಕಸು ಯಾವ ಬಣ್ಣ ಹೋಗ್ತಿದೆ?"

"ಬೆಳ್ಳಗೆ ಸಾ, ಸುಣ್ಣದಂಗೆ. ಉಚ್ಚೆ ಮಾತ್ರ ಕಪ್ಪಗೈತೆ."

ಈ ಒಂದು ಉತ್ತರಕ್ಕೆ ಎಷ್ಟೋ ಪರೀಕ್ಷೆಗಳಷ್ಟು ಬೆಲೆ ಇದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದು ಒಡೆದಾಗ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಲಿವರ್ ಅದನ್ನು ಕರಗುವಂತೆ ಮಾಡಿ ಪಿತ್ತರಸದೊಳಗೆ ಬಿಡುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಮಾರ್ಪಡಿಸುವುದರಿಂದಲೇ ಮಲಕ್ಕೆ ಕಂದು ಬಣ್ಣ. ದಾರಿ ಮುಚ್ಚಿದರೆ ಬಣ್ಣ ಕರುಳಿಗೆ ಇಳಿಯುವುದಿಲ್ಲ, ಮಲ ಬಿಳಿಚುತ್ತದೆ. ಕರಗುವ ಬಿಲಿರುಬಿನ್ ರಕ್ತಕ್ಕೆ ಹಿಂತಿರುಗಿ ಮೂತ್ರಪಿಂಡದಿಂದ ಸೋರುತ್ತದೆ, ಮೂತ್ರ ಕಪ್ಪಾಗುತ್ತದೆ. ರಕ್ತಕಣಗಳು ಅತಿಯಾಗಿ ಒಡೆದು ಬರುವ ಕಾಮಾಲೆಯಲ್ಲಿ ಹೀಗಲ್ಲ. ಅಲ್ಲಿ ಮಲದ ಬಣ್ಣ ಗಾಢವಾಗಿಯೇ ಇರುತ್ತದೆ. ವೈರಸ್‌ನಿಂದ ಲಿವರ್ ಊದಿಕೊಂಡಾಗ ಮೂತ್ರ ಕಪ್ಪಾಗುತ್ತದೆ, ಮಲವೂ ಕೆಲವು ದಿನ ಪೇಲವವಾಗಬಹುದು. ವಾರಗಟ್ಟಲೆ ಬೆಳ್ಳಗೇ ಹೋಗುತ್ತಿದ್ದರೆ ಮಾತ್ರ ಕಾಯುವಂತಿಲ್ಲ.

ರಕ್ತಪರೀಕ್ಷೆ ಅದನ್ನೇ ಹೇಳಿತು. ಒಟ್ಟು ಬಿಲಿರುಬಿನ್ 11.4, ಅದರಲ್ಲಿ ಡೈರೆಕ್ಟ್, ಅಂದರೆ ಲಿವರ್ ಕರಗುವಂತೆ ಮಾಡಿದ ಭಾಗ, 9.2. ಸಾಮಾನ್ಯವಾಗಿ ಒಟ್ಟು ಪ್ರಮಾಣ 1ರ ಆಸುಪಾಸು ಇರುತ್ತದೆ, 2.5–3 ದಾಟಿದ ಮೇಲೆ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಕಾಣುತ್ತದೆ, ಅದೂ ಹಗಲು ಬೆಳಕಿನಲ್ಲಿ ನೋಡಿದರೆ. ಪಿತ್ತನಾಳ ಕಟ್ಟಿಕೊಂಡಾಗ ರಕ್ತದಲ್ಲಿ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹಲವು ಪಟ್ಟು ಏರಿತ್ತು. ಇದು ತಡೆಯ ಗುರುತು.

ಸ್ಕ್ಯಾನಿಂಗ್ ಮರುದಿನ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಆರೆಂಟು ಗಂಟೆ ಏನೂ ತಿನ್ನಬೇಡಿ ಎನ್ನುವುದಕ್ಕೆ ಕಾರಣವಿದೆ. ಲಿವರ್ ದಿನಕ್ಕೆ 600ರಿಂದ 1,000 ಮಿಲಿ ಪಿತ್ತರಸ ತಯಾರಿಸುತ್ತದೆ. ಲಿವರ್ ಕೆಳಗಿನ ಪುಟ್ಟ ಚೀಲವಾದ ಪಿತ್ತಕೋಶದಲ್ಲಿ ಹಿಡಿಯುವುದು 30–50 ಮಿಲಿ. ಉಪವಾಸದಲ್ಲಿ ಅದು ರಸವನ್ನು ತುಂಬಿಕೊಂಡು, ನೀರನ್ನು ಹೀರಿ ಗಟ್ಟಿ ಮಾಡುತ್ತದೆ. ಜಿಡ್ಡಿನ ಆಹಾರ ಸಣ್ಣಕರುಳಿಗೆ ಇಳಿದಾಗ ಹೊರಡುವ ಹಾರ್ಮೋನ್ ಅದನ್ನು ಹಿಂಡುತ್ತದೆ. ತಿಂದು ಬಂದರೆ ಕೋಶ ಕುಗ್ಗಿಹೋಗಿ, ಒಳಗೆ ಕಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ.

ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳಿದ್ದವು. ಆರು ಮಿಲಿಮೀಟರ್ ಆಚೀಚೆ ಇರಬೇಕಾದ ಮುಖ್ಯ ಪಿತ್ತನಾಳ 12 ಮಿಲಿಮೀಟರ್‌ಗೆ ಹಿಗ್ಗಿತ್ತು. ಕೆಳತುದಿಯನ್ನು ಕರುಳಿನ ಗಾಳಿ ಮರೆಮಾಡಿತ್ತು. ಅಲ್ಟ್ರಾಸೌಂಡ್‌ಗೆ ಅಲ್ಲಿನ ಕಲ್ಲು ತಪ್ಪುವುದು ಮಾಮೂಲು. ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್ ಆದ ಎಂಆರ್‌ಸಿಪಿಯಲ್ಲಿ 8 ಮಿಲಿಮೀಟರ್ ಕಲ್ಲು ಸಿಕ್ಕಿತು. ದೊಡ್ಡ ಕಲ್ಲು ಕೋಶದಲ್ಲೇ ಉಳಿಯಬಹುದು. ನಾಳಕ್ಕೆ ಜಾರಿ ತೊಂದರೆ ಕೊಡುವವು ಹೆಚ್ಚಾಗಿ ಸಣ್ಣವೇ.

ಕಲ್ಲು ತೆಗೆಯುವ ಮೊದಲು ಇನ್ನೊಂದು ಕೆಲಸವಿತ್ತು. ಪಿತ್ತರಸ ಕರುಳಿಗೆ ಬರದಿದ್ದರೆ ವಿಟಮಿನ್ ಕೆ ಹೀರಿಕೊಳ್ಳುವುದಿಲ್ಲ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಐಎನ್‌ಆರ್ ಸಾಮಾನ್ಯವಾಗಿ 1ರ ಆಸುಪಾಸು; ಇವರದು 1.8 ಇತ್ತು. 10 ಮಿಲಿಗ್ರಾಂ ವಿಟಮಿನ್ ಕೆ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು, 1.2ಕ್ಕೆ ಇಳಿದ ಮೇಲೆ ಇಆರ್‌ಸಿಪಿ ಎಂಬ ಚಿಕಿತ್ಸೆ ಮಾಡಲಾಯಿತು. ಬಾಯಿಂದ ಎಂಡೋಸ್ಕೋಪ್ ಇಳಿಸಿ, ನಾಳ ಕರುಳಿಗೆ ತೆರೆದುಕೊಳ್ಳುವ ಬಾಯನ್ನು ಸ್ವಲ್ಪ ಕೊಯ್ದು, ಬಲೂನಿನಿಂದ ಕಲ್ಲನ್ನು ಕೆಳಗೆ ಎಳೆಯುತ್ತಾರೆ. ಇದರಿಂದ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಹಾಗಾಗಿ ಆ ರಾತ್ರಿ ಹೊಟ್ಟೆನೋವಿನ ಮೇಲೆ ಕಣ್ಣಿಡಲೇಬೇಕು. ಇವರಿಗೆ ಹಾಗಾಗಲಿಲ್ಲ. ಮೂರನೇ ದಿನ ಮಲಕ್ಕೆ ಬಣ್ಣ ಬಂತು.

ಈ ತಾಯಿಗೆ ಜ್ವರ ಬಂದಿರಲಿಲ್ಲ, ಅದು ಪುಣ್ಯ. ಕಾಮಾಲೆ, ಬಲಪಕ್ಕೆಯ ನೋವು, ನಡುಕದ ಜ್ವರ ಮೂರೂ ಸೇರಿದರೆ ನಾಳದಲ್ಲಿ ಸೋಂಕು ಎಂದರ್ಥ. ಗಂಟೆಗಳ ಲೆಕ್ಕದಲ್ಲಿ ರಕ್ತದೊತ್ತಡ ಕುಸಿಯಬಹುದು. ಹೆಪಟೈಟಿಸ್ ಎ, ಇ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಸೊಪ್ಪಿನ ಔಷಧದ ಮೇಲಿನ ನಂಬಿಕೆ ಗಟ್ಟಿಯಾಗಿರುವುದು ಅದರಿಂದ. ಅಲ್ಲೂ ಗರ್ಭಿಣಿಯರಿಗೆ ಹೆಪಟೈಟಿಸ್ ಇ ಪ್ರಾಣಾಂತಕವಾಗಬಹುದು. ರೋಗಿ ಮಂಕಾದರೆ, ಮಾತು ತಡವರಿಸಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ನಾಳಕ್ಕೆ ಸಿಕ್ಕಿಕೊಂಡ ಕಲ್ಲನ್ನು ಸೊಪ್ಪೂ ಕರಗಿಸುವುದಿಲ್ಲ, ಬರೆಯೂ ಕರಗಿಸುವುದಿಲ್ಲ.

ಹಳದಿ ಇಳಿಯಿತಲ್ಲ, ಇನ್ನು ಆಪರೇಷನ್ ಯಾಕೆ ಎಂದು ಮಗ ಕೇಳಿದರು. ನ್ಯಾಯವಾದ ಪ್ರಶ್ನೆ. ನಾಳದ ಕಲ್ಲು ಹೋದರೂ ಕೋಶದ ಕಲ್ಲುಗಳು ಅಲ್ಲೇ ಇವೆ. ಇನ್ನೊಂದು ಜಾರಿದರೆ ಮತ್ತೆ ಕಾಮಾಲೆ, ಇಲ್ಲವೇ ಮೇದೋಜೀರಕದ ಉರಿಯೂತ. ಕಲ್ಲು ಮಾತ್ರ ತೆಗೆದು ಕೋಶ ಉಳಿಸಿದರೆ ಅದರಲ್ಲಿ ಹೊಸ ಕಲ್ಲು ಕೂರುತ್ತದೆ. ಆದ್ದರಿಂದ ಅದೇ ದಾಖಲಾತಿಯಲ್ಲಿ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶವನ್ನೇ ತೆಗೆದೆವು. ಪಿತ್ತರಸ ಈಗ ಲಿವರ್‌ನಿಂದ ನೇರ ಕರುಳಿಗೆ ಸೋರುತ್ತಿರುತ್ತದೆ. ಮೊದಲ ಕೆಲವು ವಾರ ಎಣ್ಣೆ, ತುಪ್ಪ ಒಂದೇ ಊಟಕ್ಕೆ ಹೆಚ್ಚಾದರೆ ಭೇದಿಯಾಗಬಹುದು; ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ ಮನೆಯ ಎಂದಿನ ಊಟವೇ ಸಾಕು.