ಮಕ್ಕಳ ಆಟಕ್ಕೆ ಟಿಪ್ಪಣಿ: ಎಂಡ್‌ಗೇಮ್‌ಗೆ ಬಂದೆ

12 ವರ್ಷದೊಳಗಿನವರ ಚೆಸ್ ಟೂರ್ನಿಯ ಒಂದು ಆಟಕ್ಕೆ ಟಿಪ್ಪಣಿ ಬರೆಯುತ್ತಿದ್ದೇನೆ, ಅದು ಈಗ ಎಂಡ್‌ಗೇಮ್‌ಗೆ, ಅಂದರೆ ಕೆಲವೇ ಕಾಯಿಗಳು ಉಳಿದ ಕೊನೆಯ ಹಂತಕ್ಕೆ, ಬಂದಿದೆ. ಓಪನಿಂಗ್ (ಆರಂಭದ ನಡೆಗಳು) ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಇಟಾಲಿಯನ್ ಅನ್ನೋ ಹೆಸರಿನ ಆರಂಭ ಆಡಿದ್ದಾರೆ, ಇಬ್ಬರೂ ಬೇಗ ಕ್ಯಾಸಲಿಂಗ್ ಮಾಡಿ (ರಾಜ, ಆನೆ ಒಂದೇ ನಡೆಯಲ್ಲಿ ಸರಿದು) ರಾಜನನ್ನು ಭದ್ರ ಮಾಡಿದ್ದಾರೆ, ಅಷ್ಟೇ.

ಆಟ ಒಬ್ಬೊಬ್ಬರಿಗೆ 90 ನಿಮಿಷದ್ದು, ಪ್ರತಿ ನಡೆಗೆ 30 ಸೆಕೆಂಡ್ ಸೇರುತ್ತದೆ. ಹೀಗಿದ್ದಾಗ ಸಮಯ ಎಷ್ಟೇ ಕಡಿಮೆ ಉಳಿದರೂ ನಡೆ ಬರೆಯಲೇಬೇಕು ಅನ್ನುತ್ತದೆ ಫಿಡೆ (ವಿಶ್ವ ಚೆಸ್ ಒಕ್ಕೂಟ) ನಿಯಮ. ಹಾಗಾಗಿ ಸ್ಕೋರ್‌ಶೀಟ್ ಪೂರ್ತಿ ಸಿಕ್ಕಿದೆ. ಕೊನೆಗೆ ಅಕ್ಷರ ಸೊಟ್ಟಗಾಗಿದೆ, ಆದರೆ ಒಂದು ನಡೆಯೂ ಬಿಟ್ಟುಹೋಗಿಲ್ಲ.

ಮುಖ್ಯ ಘಟ್ಟ ಇದು (ಅಕ್ಷರ ಕಂಬಸಾಲು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು). ಬಿಳಿ: ರಾಜ ಇ5, ಆನೆ ಎಚ್7, ಕಾಲಾಳು ಡಿ5. ಕಪ್ಪು: ರಾಜ ಡಿ8, ಆನೆ ಎ6. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿಕೊಟ್ಟ ಡ್ರಾ. ಕಪ್ಪಿನ ಹುಡುಗನಿಗೆ ಇದು ಗೊತ್ತಿತ್ತು. ಆನೆಯನ್ನು ಆರನೇ ಸಾಲಲ್ಲೇ ಎ6, ಬಿ6, ಎ6 ಅಂತ ಆಡಿಸುತ್ತಾ ಬಿಳಿ ರಾಜನನ್ನು ತಡೆದು ನಿಲ್ಲಿಸಿದ್ದಾನೆ. ಎಷ್ಟು ಚೆನ್ನಾಗಿ ಕಾದಿದ್ದಾನೆ!

ಆಗ ಬಿಳಿ ಕಾಲಾಳನ್ನು ಡಿ6ಕ್ಕೆ ತಳ್ಳಿತು. ಕಪ್ಪು ಆನೆ ತಕ್ಷಣ ಎ1ಕ್ಕೆ ಇಳಿಯಬೇಕಿತ್ತು. ಹುಡುಗ ಮತ್ತೆ ಬಿ6 ಆಡಿದ. ಬಿಳಿ ರಾಜ ಇ6ಕ್ಕೆ ಬಂದ, ಎಚ್8ರಲ್ಲಿ ಮೇಟ್ ಬೆದರಿಕೆ. ಕಪ್ಪು ಆನೆಗೆ ತನ್ನನ್ನು ಬಲಿಕೊಡದೆ ಚೆಕ್ ಕೊಡಲು ದಾರಿಯೇ ಇಲ್ಲ, ಎದುರಿಗೆ ಡಿ6ರ ಕಾಲಾಳೇ ಅಡ್ಡ. ಅಲ್ಲಿಗೆ ಡ್ರಾ ಕೈತಪ್ಪಿತು.

ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಆ ಬಿ6 ನಡೆಗೆ ಎರಡು ಪ್ರಶ್ನಾರ್ಥಕ ಚಿಹ್ನೆ, ಅಂದರೆ ದೊಡ್ಡ ತಪ್ಪು ಅನ್ನೋ ಗುರುತು, ಹಾಕಿ ಮುಂದೆ ಹೋಗುತ್ತದೆ. ನನಗೆ ಅದು ಸಾಲದು. ‘ಆರನೇ ಸಾಲು ಬಿಡಬೇಡ’ ಅನ್ನೋದು ಮಗುವಿಗೆ ನೆನಪಿದೆ. ಯಾವಾಗ ಬಿಡಬೇಕು ಅನ್ನೋದನ್ನು ಯಾರೂ ಅಷ್ಟೇ ಒತ್ತಿ ಹೇಳಿಲ್ಲ ಅನಿಸುತ್ತದೆ. ಕಾಲಾಳು ಆರನೇ ಸಾಲಿಗೆ ಬಂದರೆ ಬಿಳಿ ರಾಜನಿಗೆ ಅದರ ಮುಂದೆ ಅಡಗಲು ಜಾಗ ಇರುವುದಿಲ್ಲ. ಹಿಂದಿನಿಂದ ಚೆಕ್ ಶುರುಮಾಡುವ ಹೊತ್ತು ಅದೇ. ಈ ಕಾರಣ ಗೊತ್ತಿದ್ದರೆ ಉರು ಹೊಡೆಯಬೇಕಾಗಿಲ್ಲ, ಅಲ್ವಾ? ಟಿಪ್ಪಣಿಯಲ್ಲಿ ಈ ಜಾಗಕ್ಕೆ ಒಂದಿಡೀ ಪುಟ ಕೊಟ್ಟಿದ್ದೇನೆ.

ಮುಂದಿನ ಕೆಲಸ: ಎ1 ಆಡಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಚಿತ್ರ. ರಾಜ ಇ6, ಆನೆ ಇ1 ಚೆಕ್, ಅಲ್ಲಿಂದ ರಾಜ ಓಡಬಹುದಾದ ಮನೆಗಳಿಗೆಲ್ಲ ಬಾಣದ ಗುರುತು. ಬಿಳಿ ಕಡೆಯ ಹುಡುಗಿಯ ಡಿ6ಕ್ಕೂ ಒಂದು ಮೆಚ್ಚುಗೆಯ ಚಿಹ್ನೆ ಹಾಕಬೇಕು. ಗೆಲ್ಲಲು ಅವಳಿಗೆ ಉಳಿದಿದ್ದ ಒಳ್ಳೆಯ ಪ್ರಯತ್ನ ಅದೇ.